ಊರ ಕೊಪ್ಪರಿಗೆಯಲ್ಲಿ ಉಣ್ಣದ ಪುಟ್ಟತಾಯಮ್ಮ

ಮದುವೆಮನೆಯಲ್ಲಿ ಪುಟ್ಟತಾಯಮ್ಮನವರಷ್ಟು ದುಡಿಯುವವರನ್ನು ನಾನು ನೋಡಿಲ್ಲ. ಅಷ್ಟು ದುಡಿದೂ ಉಣ್ಣದೆ ಎದ್ದು ಹೋಗುವವರನ್ನು ನೋಡಿದ್ದೂ ಅವರೊಬ್ಬರನ್ನೇ. ಕಾಯಿ ತುರಿಯುವುದು, ಎಲೆ ಒರೆಸುವುದು, ಪಲ್ಯದ ಬಕೆಟ್ಟು ಹಿಡಿದು ಪಂಕ್ತಿಯ ಆ ತುದಿಯಿಂದ ಈ ತುದಿಗೆ ಓಡಾಡುವುದು, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ಅದರ ತಾಯಿಗೆ ನಿಶ್ಚಿಂತೆಯಿಂದ ಉಣ್ಣಲು ಬಿಡುವುದು, ಎಲ್ಲ ಅವರದೇ. ಕೊನೆಯ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಅಲ್ಲಿ ಮನೆಯಿಂದ ತಂದ ಸ್ಟೀಲ್ ಡಬ್ಬಿ ಬಿಚ್ಚಿ, ತಣ್ಣಗಾದ ಮುದ್ದೆಯನ್ನು ಉಪ್ಪುಸಾರಿನಲ್ಲಿ ಅದ್ದಿಕೊಂಡು, ಗೋಡೆಯ ಕಡೆ ಮುಖ ಮಾಡಿ ನುಂಗುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಹಾಗೆಯೇ, ನನ್ನ ಆಫೀಸಿನ ಗುಮಾಸ್ತನ ತಂಗಿಯ ಮದುವೆಯಲ್ಲಿ. ನಾನು ಹುಣಸೂರಿನಲ್ಲಿ ವಕೀಲಿಕೆ ಮಾಡುವವಳು. ಅವರ ಊರು ಎಚ್.ಡಿ. ಕೋಟೆಯ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಹೊಗೆಸೊಪ್ಪಿನ ಊರು. ಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ ಬೆಂಕಿಯ ಕಾವಿನಲ್ಲಿ ಹದ ಮಾಡುವ ಬ್ಯಾರನ್ನುಗಳು ಅಲ್ಲಿ ಮನೆಗಳಿಗಿಂತ ಎತ್ತರ. ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಡಬ್ಬಿ ಹಿಡಿದು ಕೂತಿದ್ದ ಹೆಂಗಸನ್ನು ಕಂಡು, ಏನಮ್ಮ, ವ್ರತವಾ ಎಂದು ಕೇಳಿದೆ. ಅವರು ತಲೆಯೆತ್ತಿ ನನ್ನನ್ನು ಅಳೆದು ನೋಡಿದರು.

"ವ್ರತ ಅಂತ್ಲೇ ಅನ್ಕಳಿ. ನಿಮ್ದು ಊಟ ಆಯ್ತಾ? ಪಾಯಸ ಎರಡ್ನೇ ಸಲ ಹಾಕ್ಸ್ಕಂಡ್ರಾ? ಅಂಗೆ ನಾಚ್ಕಂಡ್ರೆ ಈ ಊರ್ನಾಗೆ ಅರೆಹೊಟ್ಟೇಲಿ ಏಳ್ಬೇಕಾಯ್ತದೆ."

ಗುಮಾಸ್ತನನ್ನು ಕೇಳಿದರೆ, "ಅವ್ರು ಮೊದ್ಲಿಂದ್ಲೂ ಅಂಗೇ ಮೇಡಂ, ಊರಡಿಗೆ ಆಗಕ್ಕಿಲ್ಲ" ಎಂದ. ಯಾಕೆ ಎಂಬುದಕ್ಕೆ ಊರಿನಲ್ಲಿ ತಲೆಗೊಂದು ಕಾರಣವಿತ್ತು. ಹರಕೆ ಅಂದರು, ಗ್ಯಾಸ್ಟ್ರಿಕ್ ಅಂದರು, ಕೆ.ಆರ್. ನಗರದ ಕಡೆ ಭತ್ತದ ಸೀಮೆಯಲ್ಲಿ ಬಾಳಿ ಬಂದವಳ ಜಂಬ ಅಂದರು. ನಿಜವಾದ ಕಾರಣ ಗೊತ್ತಿದ್ದವರು ಬಾಯಿ ಬಿಡಲಿಲ್ಲ. ಆಗಲೇ ಅಂಥವರು ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದರು.

ಐವತ್ತು ದಾಟಿದ, ಗಿಡ್ಡನೆಯ, ಗಟ್ಟಿ ಮೂಳೆಯ ಹೆಂಗಸು. ಹಣೆಯಲ್ಲಿ ವಿಭೂತಿಯ ಒಂದು ಎಳೆ. ಬಸ್ ಟಿಕೆಟನ್ನು ಸಣ್ಣಗೆ ಮಡಿಸಿ ಬಳೆಯ ಸಂದಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ. ವಾಪಸು ಬಸ್ಸು ಹತ್ತುವವರೆಗೂ ಅದು ಅಲ್ಲೇ ಇರುತ್ತಿತ್ತು. ಎಲ್ಲಿ ಹೋದರೂ ಬಾಗಿಲಿಗೆ ಹತ್ತಿರದ ಜಾಗ ನೋಡಿ ಕೂರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿ, ತಮ್ಮ ಸಿದ್ದರಾಜುವಿನ ಮನೆಯ ಪಕ್ಕದಲ್ಲೇ ಒಂದು ಕೋಣೆ ಹಾಕಿಕೊಂಡು, ಊರ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದರು. ಗಂಡನ ವಿಷಯ ಬಂದರೆ ಮುಖ ಅರಳುತ್ತಿತ್ತು. "ಒಳ್ಳೆ ಮನ್ಸ ಕಣ್ರವ್ವ. ಕ್ವಾಪ ಬಂದ್ರೆ ಎತ್ಗೆ ಬೈಯೋನು, ನಂಗೆ ಬೈತಿರ್ಲಿಲ್ಲ" ಎನ್ನುತ್ತಿದ್ದರು.

ಆ ಮದುವೆಯಾಗಿ ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ನನ್ನ ಆಫೀಸಿಗೆ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು. ನನ್ನ ಕರಿಕೋಟನ್ನು ನೋಡಿ, "ಇದ ಹಾಕಂಡ್ರೆ ಭಯ ಆಯ್ತದೆ, ತೆಗೆದ್ರೆ ನಮ್ಮ ಸೊಸೇರ ಥರ ಕಾಣ್ತೀರಿ, ತೆಗೀರಿ" ಎಂದರು. ತೆಗೆದು ಕುರ್ಚಿಗೆ ಹಾಕಿದೆ. ಆಮೇಲೆ ಹೇಳಲು ಶುರುಮಾಡಿದರು.

ಹನ್ನೆರಡೋ ಹದಿಮೂರೋ ವಯಸ್ಸು. ತಾಯಿಯ ಜೊತೆ ಊರಿನ ಸ್ಥಿತಿವಂತನೊಬ್ಬನ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟುವ ಕೆಲಸ. ತಾಯಿಗೆ ಜ್ವರ ಬಂದ ದಿನಗಳಲ್ಲಿ ಹುಡುಗಿ ಒಬ್ಬಳೇ ಹೋಗುತ್ತಿದ್ದಳು. ಬ್ಯಾರನ್ನಿನ ಧಣಿ ಆ ದಿನಗಳನ್ನು ಲೆಕ್ಕ ಹಾಕಿಟ್ಟುಕೊಂಡಿದ್ದ. ಆದದ್ದಕ್ಕೆ ಪುಟ್ಟತಾಯಮ್ಮ ಕೊನೆಯವರೆಗೂ ಹೆಸರು ಕೊಡಲಿಲ್ಲ, "ಆ ಕೆಲ್ಸ" ಎಂದಷ್ಟೇ ಹೇಳುತ್ತಿದ್ದರು. ಒಂದು ಸಲವಲ್ಲ, ಆ ಕೊಯ್ಲು ಮುಗಿಯುವವರೆಗೂ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೊಪ್ಪರಿಗೆಯ ಮೇಲೆ ಬರೆದಿದೆ, ಅದೇ ಸಾಕು.

ಕೊಪ್ಪರಿಗೆಯ ಕಥೆ ಇಷ್ಟು. ವಿಷಯ ತಿಳಿದು ಅಪ್ಪ ಊರ ಹಿರಿಯರ ಹತ್ತಿರ ಹೋದ. ಚಾವಡಿಯಲ್ಲಿ ನ್ಯಾಯ ಕೂತಿತು. ಪೊಲೀಸು, ಕೋರ್ಟು ಅಂದರೆ ಊರ ಮರ್ಯಾದೆ ಹೋಗುತ್ತದೆ, ಹುಡುಗಿಗೆ ಮದುವೆಯಾಗುವುದಿಲ್ಲ ಎಂದು ಎಲ್ಲರೂ ಸೇರಿ ಅಪ್ಪನಿಗೆ ಬುದ್ಧಿ ಹೇಳಿದರು. ಅವನು ಗ್ರಾಮದೇವತೆಗೆ ತಪ್ಪುಕಾಣಿಕೆ ಕಟ್ಟಬೇಕು, ಹುಡುಗಿಯನ್ನು ಕೆ.ಆರ್. ನಗರದ ಕಡೆಯ ಸೋದರಮಾವನ ಮನೆಗೆ ಕಳಿಸಬೇಕು, ಇನ್ನು ಮುಂದೆ ಯಾರೂ ಇದನ್ನು ಎತ್ತಬಾರದು ಎಂದು ತೀರ್ಮಾನವಾಯಿತು. ಒಪ್ಪಿಗೆಯೇ ಎಂದು ಕೇಳಿದಾಗ ಅಪ್ಪ ತಲೆ ಆಡಿಸಿದ. ಆ ಕಾಲಕ್ಕೆ ಊರಿನಲ್ಲಿ ದೊಡ್ಡ ಪಾತ್ರೆ ಇರಲಿಲ್ಲ. ಮದುವೆ, ತಿಥಿ ಬಂದರೆ ಪಕ್ಕದೂರಿಗೆ ಹೋಗಿ ಹಲ್ಲು ಗಿಂಜಬೇಕಿತ್ತು. ಕಾಣಿಕೆಯ ಹಣದಲ್ಲಿ ಮೈಸೂರಿನಿಂದ ಒಂದು ತಾಮ್ರದ ಕೊಪ್ಪರಿಗೆ ತಂದರು.

ನಮ್ಮ ಕಡೆ ಪಾತ್ರೆ ಅಂಗಡಿಯಲ್ಲಿ ಒಂದು ರೂಢಿಯಿದೆ. ಲೋಟ ಕೊಂಡರೂ ಸರಿ, ಹಂಡೆ ಕೊಂಡರೂ ಸರಿ, ಕಟ್ಟಿಕೊಡುವ ಮುಂಚೆ "ಯಾರ ಹೆಸರು ಹಾಕ್ಲಿ?" ಎಂದು ಕೇಳುತ್ತಾರೆ. ಅಲ್ಲೂ ಕೇಳಿದ್ದಾರೆ. ತರಲು ಹೋದವರು ಯೋಚಿಸಲೇ ಇಲ್ಲ. ದುಡ್ಡು ಯಾರು ಕೊಟ್ಟರೋ ಅವರ ಹೆಸರು ಹೇಳಿದರು. ಹೀಗೆ ದಂಡ ಕಟ್ಟಿದವನು ದಾನಿಯಾದ. ಇಂಥವರ ಮಗ ಇಂಥವರು ದೇವಿಗೆ ಮಾಡಿಸಿದ ಸೇವೆ ಎಂದು ಕೊಪ್ಪರಿಗೆಯ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆದಿರುವ ಅಕ್ಷರಗಳನ್ನು ನಾನೇ ಕೈಯಾಡಿಸಿ ಓದಿದ್ದೇನೆ. ಎಷ್ಟು ಸಲ ಕಲಾಯಿ ಹಾಕಿಸಿದರೂ ಅಳಿಸಿಲ್ಲ. ಆಗಿನಿಂದ ಊರಿನ ಎಲ್ಲ ಅನ್ನವೂ ಅದರಲ್ಲೇ ಬೆಂದಿದೆ. ಊರಿಗೇ ಕರೆತಂದು ಮಾಡಿದ ಪುಟ್ಟತಾಯಮ್ಮನವರ ಸ್ವಂತ ಮದುವೆಯ ಅನ್ನ ಕೂಡ.

"ನನ್ನ ಮದ್ವೇಲಿ ನಾನು ಉಣ್ಣಲಿಲ್ಲ" ಎಂದು ಅವರು ನಗುತ್ತಲೇ ಹೇಳಿದರು. "ಹೆಣ್ಣು ನಾಚ್ಕತಾಳೆ ಅಂದ್ಕಂಡ್ರು ಎಲ್ರೂವೆ. ನಮ್ಮಪ್ಪ ಉಂಡ. ನನ್ ಮಕ ನೋಡ್ದೆ ಉಂಡ."

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ನಾನೂ ಕೇಳಲೇಬೇಕಿತ್ತು, ಮುಂದೆ ಎಲ್ಲರೂ ಕೇಳುವವರೇ. ಹಿಂದಿನ ವಾರ ಅಂಗನವಾಡಿಗೆ ಅವನನ್ನು ಅತಿಥಿಯಾಗಿ ಕರೆಸಿದ್ದರಂತೆ. ಈಗ ಮುದುಕ, ಊರಿಗೆ ದೊಡ್ಡಮನುಷ್ಯ. ಮಕ್ಕಳಿಗೆ ತಟ್ಟೆ ಲೋಟ ಹಂಚಿದ. ಒಂದು ಹೆಣ್ಣುಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೊ ತೆಗೆಸಿಕೊಂಡ. "ನಾನು ಓಗಿ ಮಗೀನ ಎತ್ಕಂಬಂದ್ಬುಟ್ಟೆ ಲಾಯರಮ್ಮ. ಉಚ್ಚೆ ಉಯ್ತದೆ ಅಂತ ಸುಳ್ಳು ಯೋಳ್ದೆ. ಇನ್ನೆಷ್ಟು ದಿನ ಸುಳ್ಳೇ ಯೋಳ್ಲಿ?"

ವಕೀಲಿಕೆ ಮಾಡಿ ಮಾಡಿ ನನಗೊಂದು ಕೆಟ್ಟ ಅಭ್ಯಾಸ ಅಂಟಿದೆ. ಯಾರು ಕಷ್ಟ ಹೇಳಿಕೊಂಡರೂ ಮನಸ್ಸು ಒಳಗೊಳಗೇ ಸಾಕ್ಷಿ ಹುಡುಕುತ್ತಿರುತ್ತದೆ. ಅವತ್ತು ಹುಡುಕಿದೆ, ಏನೂ ಸಿಗಲಿಲ್ಲ. ನ್ಯಾಯ ಮಾಡಿದ ಹಿರಿಯರೆಲ್ಲ ಸತ್ತಿದ್ದರು. ಅಪ್ಪ ಅಮ್ಮ ಇಲ್ಲ. ಹಳೆಯ ಬ್ಯಾರನ್ನು ಬಿದ್ದು ಆ ಜಾಗದಲ್ಲಿ ಹೊಸದು ಎದ್ದಿತ್ತು. ಮಕ್ಕಳಿಗಾಗಿ ಈಗ ಬಂದಿರುವ ಕಾನೂನು ಹಿಂದಿನ ಕಾಲಕ್ಕೆ ಅನ್ವಯವಾಗುವುದಿಲ್ಲ. ಹಳೆಯ ಕಾನೂನಿನಲ್ಲಿ ಚಿಕ್ಕ ಅಪರಾಧಗಳಿಗೆಲ್ಲ ದೂರು ಕೊಡುವ ಗಡುವು ಎಂದೋ ಮುಗಿದಿತ್ತು. ಗಡುವಿಲ್ಲದೆ ಉಳಿದಿದ್ದದ್ದು ಅತಿ ದೊಡ್ಡ ಅಪರಾಧ ಒಂದೇ, ಅದಕ್ಕೆ ಬೇಕಾಗುವ ಸಾಕ್ಷ್ಯವೂ ಅಷ್ಟೇ ದೊಡ್ಡದು. ಎಲ್ಲವನ್ನೂ ಬಿಡಿಸಿ ಹೇಳಿದೆ. ಕಷ್ಟ ಇದೆ ಪುಟ್ಟತಾಯಮ್ಮ, ಗೆಲ್ಲುತ್ತೇವೆ ಅಂತ ನಾನು ಹೇಳುವುದಿಲ್ಲ ಎಂದೆ.

"ಗೆಲ್ಸಿ ಅಂತ ಯಾರಂದ್ರು? ದೇವ್ರ ಪಾತ್ರೆ ಮ್ಯಾಲೆ ಅವನ್ ಹೆಸ್ರು ಬರ್ಕಂಡವ್ನೆ. ಅದು ಸುಳ್ಳು, ಅದು ದಂಡ ಅಂತ ಸರ್ಕಾರದೋರು ಒಂದ್ ಕಡೆ ಬರೀಲಿ. ಯೋಳದು ನನ್ ಕೆಲ್ಸ, ಬರಿಯದು ಅವ್ರ ಕೆಲ್ಸ."

ಠಾಣೆಯಲ್ಲಿ ಬರೆಯುವವರು ಸುಲಭಕ್ಕೆ ಸಿಗಲಿಲ್ಲ. ಇವತ್ತು ಸಾಹೇಬರಿಲ್ಲ, ನಾಳೆ ಬಂದೋಬಸ್ತು, ನಾಡಿದ್ದು ಬನ್ನಿ. ಕೊನೆಗೆ ಸಿಕ್ಕ ಅಧಿಕಾರಿ ಕೆಟ್ಟವನೇನಲ್ಲ, ನನ್ನ ಹಾಗೆಯೇ ಸುಸ್ತಾಗಿದ್ದವನು. ಕುರ್ಚಿ ಕೊಟ್ಟು ಕೂರಿಸಿದ. "ಇಷ್ಟು ವರ್ಷ ಏನ್ ಮಾಡ್ತಿದ್ರಿ ತಾಯಿ?" ಎಂದು ಕೇಳಿದ.

"ಬದುಕ್ತಿದ್ದೆ ಸ್ವಾಮಿ" ಎಂದರು ಪುಟ್ಟತಾಯಮ್ಮ.

ಅವನು ತಲೆ ಬಗ್ಗಿಸಿ ಕಾಗದ ನೋಡಿದ. ದಿನಾಂಕ ಬೇಕಿತ್ತು. ಎರಡನೇ ಕೊಯ್ಲು, ಆನೆ ಬಂದು ಇಂಥವರ ಬಾಳೆತೋಟ ಮುರಿದ ವರ್ಷ ಎಂದರು ಇವರು. ವಯಸ್ಸಿಗೆ ದಾಖಲೆ ಬೇಕಿತ್ತು. ಮನೆಯಲ್ಲಿ ಹುಟ್ಟಿದವರು, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಎಲ್ಲ ಮಕ್ಕಳಿಗೂ ಹಾಕುತ್ತಿದ್ದ ಒಂದೇ ಜೂನ್ ತಿಂಗಳ ತಾರೀಖು ಇವರಿಗೂ. ದೂರು ದಾಖಲಾಗಲಿಲ್ಲ. ನಾವು ಕೋರ್ಟಿಗೆ ಹೋಗಿ, ದಾಖಲಿಸಿ ಎಂಬ ಆದೇಶ ತರಬೇಕಾಯಿತು. ದಾಖಲಾದ ಮೇಲೆ ನಿಯಮದ ಪ್ರಕಾರ ವೈದ್ಯಕೀಯ ತಪಾಸಣೆಗೆ ಒಪ್ಪಿಗೆಯೇ ಎಂದು ಕೇಳಿದರು. ಇಷ್ಟು ಕಾಲದ ಮೇಲೆ ಏನು ಸಿಗುತ್ತದೆ ಎಂದು ಕೇಳಿದವರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು, "ಇರ್ಲಿ ಬುಡಿ, ಅವ್ರಿಗೂ ಕೇಳ್ಬೇಕು ಅಂತ ಬರ್ದಿರ್ತದೆ" ಎಂದರು.

ಸ್ಥಳ ಮಹಜರಿಗೆ ಪೊಲೀಸರು ಊರಿಗೆ ಬಂದ ದಿನ ನಾನೂ ಹೋಗಿದ್ದೆ. ಪುಟ್ಟತಾಯಮ್ಮ ಹೊಸ ಬ್ಯಾರನ್ನಿನ ಮುಂದೆ ನಿಂತು, ಇಲ್ಲೇ ಎಂದು ಬೊಟ್ಟು ಮಾಡಿದರು. ಇದು ಕಟ್ಟಿ ಹತ್ತು ವರ್ಷವೂ ಆಗಿಲ್ಲವಲ್ಲ ಎಂದು ಯಾರೋ ನಕ್ಕರು. ಆಮೇಲೆ ಗುಡಿಯ ಪಕ್ಕದ ಕೋಣೆಯ ಬೀಗ ತೆಗೆಸಿ ಕೊಪ್ಪರಿಗೆ ಹೊರಗೆ ತಂದರು. ಒಬ್ಬ ಪೇದೆ ಕಂಠದ ಮೇಲಿನ ಅಕ್ಷರಗಳನ್ನು ಜೋರಾಗಿ ಓದಿದ. "ಸೇವೆ ಅಂತ ಬರ್ದದಲ್ಲಮ್ಮ, ದಂಡ ಅಂತ ಎಲ್ಲಿದೆ?" ಎಂದ. ಬೀಗದ ಕೈ ಇಟ್ಟುಕೊಂಡಿದ್ದ ಗುಡಿಯ ಯಜಮಾನರು, "ಪುಣ್ಯಾತ್ಮರು, ಕೇಳ್ದಂಗೇ ಕೊಟ್ರು. ಇವತ್ಗೂ ಊರು ಉಣ್ತಾ ಅದೆ" ಎಂದರು. ಸುತ್ತ ನಿಂತಿದ್ದವರೆಲ್ಲ ಹೂಂಗುಟ್ಟಿದರು. ಚಿಕ್ಕವರು ಗೊತ್ತಿಲ್ಲದೆ ಹೂಂಗುಟ್ಟಿದರು, ಹಿರಿಯರು ಗೊತ್ತಿದ್ದೇ. ಪುಟ್ಟತಾಯಮ್ಮ ಕೊಪ್ಪರಿಗೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಂತೆ. "ಇಷ್ಟೇನಾ? ನಾನು ಇನ್ನೂ ದೊಡ್ಡದು ಅನ್ಕಂಡಿದ್ದೆ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಚಾವಡಿಯಲ್ಲಿ ಕೂತು ಕೇಳಿದವರಲ್ಲಿ ಜೀವಂತ ಉಳಿದಿದ್ದ ಸಾಕ್ಷಿ ಒಬ್ಬನೇ, ತಮ್ಮ ಸಿದ್ದರಾಜು. ಆ ದಿನ ಅವನಿಗೆ ಎಂಟು ವರ್ಷ. ಅಪ್ಪ ಕೈಹಿಡಿದು ಚಾವಡಿಗೆ ಕರೆದೊಯ್ದಿದ್ದ. ಹಿರಿಯರೊಬ್ಬರು ಅವನ ಕೈಗೆ ಬೆಲ್ಲದ ಚೂರು ಕೊಟ್ಟು ಮೂಲೆಯಲ್ಲಿ ಕೂರಿಸಿದ್ದರು. ಅವನು ಎಲ್ಲ ಕೇಳಿಸಿಕೊಂಡು ಬಂದು ಅಕ್ಕನಿಗೆ ಒಪ್ಪಿಸಿದ್ದ. ದಂಡದ ವಿಷಯ ಪುಟ್ಟತಾಯಮ್ಮನವರಿಗೆ ಗೊತ್ತಾದದ್ದೇ ಅವನಿಂದ. ಅವನು ಒಂದು ಮಾತು ಹೇಳಿದ್ದರೆ ಸೇವೆ ದಂಡವಾಗುತ್ತಿತ್ತು. ಪೊಲೀಸರು ಕೇಳಿದಾಗ ಸಿದ್ದರಾಜು, "ನಂಗೆ ಯಾವ್ದೂ ಗ್ಯಾನ ಇಲ್ಲ ಸಾರ್. ಚಿಕ್ಕುಡುಗ ಆಗ" ಎಂದ.

ನಾನು ಅವನ ಹೊಲಕ್ಕೇ ಹೋಗಿ ಹಿಡಿದೆ. ಸೊಪ್ಪಿನ ಎಲೆ ಮುರಿಯುತ್ತಿದ್ದ. ಕೈಯೆಲ್ಲ ಅಂಟು. ನನ್ನ ಮುಖ ನೋಡದೆ ಮಾತಾಡಿದ. "ಮೇಡಂ, ಸೊಪ್ಪು ಬೆಳ್ದು ಮಾರಕ್ಕೆ ನಂಗೆ ಲೈಸನ್ಸ್ ಇಲ್ಲ. ಸೊಪ್ಪು ಬೇಯ್ಸದು ಅವ್ರ ಬ್ಯಾರನ್ನಲ್ಲಿ, ಮಾರದು ಅವ್ರ ಹೆಸ್ರಲ್ಲಿ. ನಾಳೆ ಬ್ಯಾಡ ಕಣಯ್ಯ ಅಂದ್ಬುಟ್ರೆ ಈ ಸೊಪ್ಪೆಲ್ಲ ಎಲ್ಲಿಗೆ ಒಯ್ಲಿ? ಮನೇಲಿ ಮಗಳವ್ಳೆ, ಪಿರಿಯಾಪಟ್ಟಣದೋರು ಬಂದು ನೋಡ್ಕಂಡು ಓಗವ್ರೆ. ಅಕ್ಕಂದು ಜೀವ್ನ ಆಗೋಯ್ತು. ಇವ್ಳ್ದು ಇನ್ನೂ ಆಗ್ಬೇಕು." ನಾನು ಜೋರು ಮಾಡಿದೆ. ನಿಮ್ಮಕ್ಕನ ಜೀವನ ಆಗಿಹೋಯಿತು ಅನ್ನುವುದಕ್ಕೆ ನೀನ್ಯಾರು ಎಂದೆ. ಅವನು ಎಲೆ ಮುರಿಯುತ್ತಲೇ ಮುಂದಿನ ಸಾಲಿಗೆ ಹೋದ.

ಸಾಕ್ಷ್ಯ ಸಿಗಲಿಲ್ಲ, ಪ್ರಕರಣ ಮುಚ್ಚಬಹುದು ಎಂದು ಪೊಲೀಸರು ಕೋರ್ಟಿಗೆ ಬಿ ರಿಪೋರ್ಟ್ ಹಾಕಿದರು. ನಾವು ತಕರಾರು ಹಾಕಿದೆವು. ಆಮೇಲೆ ಶುರುವಾಯಿತು ವಾಯಿದೆಗಳ ಯಾತ್ರೆ. ಸಾಹೇಬರು ರಜೆ, ವಕೀಲರ ಬಹಿಷ್ಕಾರ, ಫೈಲು ಸಿಕ್ಕಿಲ್ಲ, ಹಿಂದಿನ ನ್ಯಾಯಾಧೀಶರಿಗೆ ವರ್ಗ, ಹೊಸಬರಿನ್ನೂ ಬಂದಿಲ್ಲ. ನನ್ನ ಮನೆ ಕೋರ್ಟಿನ ಹತ್ತಿರವೇ ಇದ್ದರೂ ನಾನು ಎಷ್ಟೋ ಸಲ ತಡವಾಗಿ ಹೋಗಿದ್ದೇನೆ. ಅವರು ಮೊದಲ ಬಸ್ಸಿಗೆ ಬಂದು ಕೋರ್ಟಿನ ಗೇಟು ತೆಗೆಯುವ ಮುಂಚೆ ನಿಂತಿರುತ್ತಿದ್ದರು. ಜಮೀನು ವ್ಯಾಜ್ಯಕ್ಕೆ ಬಂದ ಹೆಂಗಸರ ಪರಿಚಯ ಮಾಡಿಕೊಂಡು, ಅವರ ಮನೆಯ ಸೊಸೆಯರ ಸುದ್ದಿ ಕೇಳಿಕೊಂಡು, ಮಧ್ಯಾಹ್ನ ಡಬ್ಬಿ ಬಿಚ್ಚಿ ನನಗೂ ಅರ್ಧ ಮುದ್ದೆ ಮುರಿದು ಕೊಡುತ್ತಿದ್ದರು. "ಇದು ಯಾರ್ ಹೆಸ್ರೂ ಇಲ್ದಿರೋ ಡಬ್ಬಿ, ಧೈರ್ಯವಾಗಿ ತಿನ್ನಿ" ಎಂದು ತಮಾಷೆ. ಮುಂದಿನ ವಾಯಿದೆಯ ತಾರೀಖು ಹೇಳಿದರೆ, "ಅಷ್ಟೊತ್ಗೆ ಅವ್ರೆಕಾಯಿ ಬಂದಿರ್ತದೆ, ತತ್ತೀನಿ" ಎನ್ನುತ್ತಿದ್ದರು. ಅವರ ಹಸನ್ಮುಖ ಕಂಡರೆ ಒಮ್ಮೊಮ್ಮೆ ನನಗೆ ರೇಗುತ್ತಿತ್ತು. ನನಗಾದರೂ ಬೇರೆ ಕೇಸುಗಳಿದ್ದವು, ಇದನ್ನು ಮರೆತು ಮಲಗಬಹುದಿತ್ತು.

ಕೊನೆಗೂ ಒಂದು ದಿನ ಅವರ ಹೇಳಿಕೆ ಪಡೆಯಲು ನ್ಯಾಯಾಧೀಶರು ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೇರೆಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿಸಿದರು. ಪುಟ್ಟತಾಯಮ್ಮ ಮುಚ್ಚಿದ ಬಾಗಿಲನ್ನೇ ನೋಡಿದರು. ಅದನ್ನು ಗಮನಿಸಿದ ನ್ಯಾಯಾಧೀಶರು, ಸ್ವಲ್ಪ ತೆರೆದಿಡಿ ಎಂದು ಅಟೆಂಡರ್‌ಗೆ ಹೇಳಿದರು. ಇಷ್ಟೂ ದಿನದ ಓಡಾಟದಲ್ಲಿ ಯಾರಾದರೂ ಅವರ ಕಡೆ ನೋಡಿ ಏನಾದರೂ ಮಾಡಿದ್ದು ಅದೊಂದೇ. ಆದದ್ದೆಲ್ಲವನ್ನೂ ಅವರು ಒಂದೇ ದನಿಯಲ್ಲಿ, ನಿಲ್ಲಿಸದೆ ಹೇಳಿದರು. ಟೈಪಿಸ್ಟು ಎರಡು ಸಲ ಕಣ್ಣೊರೆಸಿಕೊಂಡಳು. ಇದಕ್ಕೆ ಸಾಕ್ಷಿ ಏನಿದೆಯಮ್ಮ ಎಂದು ಕೇಳಿದಾಗ ಪುಟ್ಟತಾಯಮ್ಮ, "ಊರ ಕೊಪ್ಪರಿಗೆ" ಎಂದರು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಅದು ಮಾತಾಡಲ್ವಲ್ಲಮ್ಮ. ದಂಡ ಹಾಕಿದ್ದನ್ನು ಕೇಳಿದವರು ಒಬ್ಬರಾದರೂ ಬಂದು ಹೇಳಬೇಕು" ಎಂದು ಮುಂದಿನ ವಾಯಿದೆ ಕೊಟ್ಟರು.

ಅವತ್ತು ಸಂಜೆ ಅವರನ್ನು ಬಿಡಲು ಬಸ್ ನಿಲ್ದಾಣದವರೆಗೆ ಹೋದೆ. ಅದೇ ನಮ್ಮ ಕೊನೆಯ ಭೇಟಿ. ಮಡಿಕೇರಿಯ ಬಸ್ಸು, ಮೈಸೂರಿನ ಬಸ್ಸು, ಎಲ್ಲ ಬಂದು ಹೋದವು, ಅವರದು ಬರಲಿಲ್ಲ. ಕಲ್ಲುಬೆಂಚಿನ ತುದಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಸಿದ್ದರಾಜುವಿಗೆ ಕೋರ್ಟಿನಿಂದ ಸಮನ್ಸ್ ಕೊಡಿಸಿ ಎಳೆದು ತರುತ್ತೇನೆ ಎಂದೆ.

"ಬ್ಯಾಡಿ. ಎಳ್ಕಬಂದ್ರೆ ಮತ್ತೆ ಗ್ಯಾನ ಇಲ್ಲ ಅಂತಾನೆ. ಅವನ ಬಾಯಲ್ಲಿ ಇನ್ನೊಂದ್ಸಲ ಅದ ಕೇಳಕ್ಕೆ ನನ್ನ ಕೈಲಿ ಆಗಕ್ಕಿಲ್ಲ." ಬಳೆಯ ಸಂದಿಯ ಟಿಕೆಟನ್ನು ಒಳಗೆ ತಳ್ಳಿಕೊಂಡು, "ಅವನ್ನ ಬೈಬ್ಯಾಡಿ ಲಾಯರಮ್ಮ. ಅವತ್ತು ಆ ಬೆಲ್ಲದ ಚೂರ್ನ ತಿನ್ದೆ ಮುಷ್ಟೀಲಿ ಇಟ್ಕಂಡು ಬಂದು ನಂಗೇ ಕೊಟ್ಟಿದ್ದ ಮಗ" ಎಂದರು. ಬಸ್ಸು ಬಂತು. ಹತ್ತಿ, ಕಿಟಕಿಯಿಂದ ಕೈ ಆಡಿಸಿ, ಬಾಗಿಲ ಪಕ್ಕದ ಸೀಟಿಗೆ ಹೋಗಿ ಕೂತರು.

ವಾಯಿದೆಗೆ ಇನ್ನೂ ಒಂದು ತಿಂಗಳಿತ್ತು. ಒಂದು ಬೆಳಿಗ್ಗೆ ಅಂಗನವಾಡಿಯ ಒಲೆ ಹಚ್ಚಲು ಬರಲಿಲ್ಲವೆಂದು ನೋಡಿದರೆ ಮಲಗಿದಲ್ಲೇ ಹೋಗಿದ್ದರು. ಗುಮಾಸ್ತ ಬಂದು ಹೇಳಿದಾಗ ನಾನು ಇನ್ನೊಂದು ಕೇಸಿನ ಕಾಗದ ಓದುತ್ತಿದ್ದೆ. ಓದಿ ಮುಗಿಸಿದೆ. ಆಮೇಲೆ ಅಳು ಬಂತು. ಫಿರ್ಯಾದಿಯೇ ಇಲ್ಲ, ಹೊಸ ಸಾಕ್ಷಿಯೂ ಇಲ್ಲ, ಫೈಲು ಮುಚ್ಚುತ್ತದೆ ಎಂದು ಗೊತ್ತಿತ್ತು. ಸಿದ್ದರಾಜು ಬಾಯಿ ತೆರೆಯದೆ ಹೋದರೆ ಎರಡು ಗೆರೆಯ ಆದೇಶ ಸಾಕು.

ತಿಥಿಗೆ ಹೋಗಲು ಮನಸ್ಸಿರಲಿಲ್ಲ. ಆ ಕೊಪ್ಪರಿಗೆಯಲ್ಲಿ ಅವರ ತಿಥಿಯ ಅನ್ನ ಬೇಯುವುದನ್ನು ನೋಡಬೇಕಲ್ಲ ಎಂದು ಹೆದರಿಕೆ. ಆದರೂ ಹೋದೆ, ನನ್ನ ಡಬ್ಬಿಯಲ್ಲಿ ಮನೆಯ ಊಟ ಕಟ್ಟಿಕೊಂಡು. ಮನೆಯ ಮುಂದೆ ಒಲೆ ಹೂಡಿದ್ದರು. ಒಲೆಯ ಮೇಲೆ ಇದ್ದದ್ದು ಅಲ್ಯೂಮಿನಿಯಂ ಪಾತ್ರೆಗಳು. ಹುಣಸೂರಿನ ಶಾಮಿಯಾನ ಅಂಗಡಿಯ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆದ ಬಾಡಿಗೆಯ ಪಾತ್ರೆಗಳು. ತಲೆ ಬೋಳಿಸಿಕೊಂಡಿದ್ದ ಸಿದ್ದರಾಜು ತಾನೇ ಸೌಟು ಹಿಡಿದು ನಿಂತಿದ್ದ. ಜನ ಸೇರಿತ್ತು. ಗುಡಿಯ ಯಜಮಾನರು ಬೀಗದ ಕೈ ಅಲ್ಲಾಡಿಸುತ್ತ ಬಂದರು.

"ಏನ್ಲಾ ಸಿದ್ರಾಜ, ಊರ ಕೊಪ್ಪರಿಗೆ ಬಿಟ್ಟಿ ಬಿದ್ದಿರೋವಾಗ ಪ್ಯಾಟೆಯಿಂದ ಬಾಡಿಗೆ ಪಾತ್ರೆ ತಂದಿದ್ದೀಯ?"

"ನಮ್ಮಕ್ಕ ಅದ್ರಲ್ಲಿ ಬೇಯ್ಸಿದ್ದ ಉಣ್ತಿರ್ಲಿಲ್ಲ ಕಣಣ್ಣ."

"ಅದೇ ಯಾಕೆ ಅಂತೀನಿ?"

ಸಿದ್ದರಾಜು ಅನ್ನ ತಿರುವುವುದನ್ನು ನಿಲ್ಲಿಸಿದ. ಬೆಂಚಿನ ಮೇಲೆ ಆ ದೊಡ್ಡಮನುಷ್ಯನ ಮಗ ಕೂತಿದ್ದ, ಇವನ ಸೊಪ್ಪು ಮಾರಿಕೊಡುವವನು. ಸಿದ್ದರಾಜು ಅವನನ್ನೂ ನೋಡಿದ. "ಅವತ್ತು ಚಾವ್ಡೀಲಿ ನಾನೂ ಇದ್ದೆ. ಅದು ಸೇವೆ ಅಲ್ಲ, ದಂಡ. ನಮ್ಮಕ್ಕನಿಗೆ ಮಾಡಿದ್ದಕ್ಕೆ ಆಕಿದ್ದ ದಂಡ. ನಾನು ನನ್ ಕಿವಿಯಾರೆ ಕೇಳಿವ್ನಿ" ಎಂದ.

ನನ್ನ ಕೈ ಅಭ್ಯಾಸಬಲದಿಂದ ಚೀಲದೊಳಗೆ ಪೆನ್ನು ಹುಡುಕಿತು. ಬೆಂಚಿನ ಮೇಲಿದ್ದವನು ಎದ್ದು ಹೊರಟ. ಯಜಮಾನರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ನೆಲ ನೋಡಿದರು. ಎರಡು ವಾರದ ಹಿಂದೆ ಬಂದು ಇದಿಷ್ಟನ್ನು ಕೋರ್ಟಿನಲ್ಲಿ ಹೇಳಿದ್ದರೆ ಏನಾಗುತ್ತಿತ್ತೋ ಪುಣ್ಯಾತ್ಮ ಎಂದು ನನಗೆ ಅವನ ಮೇಲೆ ಸಿಟ್ಟು ಉಕ್ಕಿ ಬಂತು. ಅವನ ಕಣ್ಣು ನೋಡಿದ ಮೇಲೆ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ವಾಯಿದೆಯ ದಿನ ಕೋರ್ಟಿಗೆ ಬಂದು ಹೇಳ್ತೀಯಾ ಎಂದು ಕೇಳಿದೆ. "ಬತ್ತೀನಿ" ಎಂದ. "ಬಂದ್ರೆ ಏನಾದ್ರೂ ಆಯ್ತದಾ ಮೇಡಂ, ಈಗ?" ಎಂದೂ ಕೇಳಿದ. ವಾಯಿದೆಯ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಅವನ ಕೈಗಿಟ್ಟೆ.

ಅನ್ನ ಬಸಿದ ಮೇಲೆ ಸಿದ್ದರಾಜು ಅಕ್ಕನ ಫೋಟೊದ ಮುಂದೆ ಎಡೆ ಇಟ್ಟ. ಅನ್ನ, ಅವರೆಕಾಳಿನ ಸಾರು, ವಡೆ, ಪಾಯಸ. ಪಾಯಸವನ್ನು ಎರಡು ಸಲ ಹಾಕಿದ. ತುದಿಯಲ್ಲಿ ಒಂದು ಚೂರು ಬೆಲ್ಲ ಇಟ್ಟ. ಕೊಪ್ಪರಿಗೆ ಬಂದ ಮೇಲೆ ಊರಿನಲ್ಲಿ ಪುಟ್ಟತಾಯಮ್ಮನವರು ಉಣ್ಣಬಹುದಾದ ಊಟಕ್ಕೆ ಎಲೆ ಬಿದ್ದದ್ದು ಅದೇ ಮೊದಲು. ನಾನು ನನ್ನ ಡಬ್ಬಿಯನ್ನು ಚೀಲದೊಳಗೆ ಹಾಗೇ ಬಿಟ್ಟು, ಪಂಕ್ತಿಯಲ್ಲಿ ಬಾಗಿಲ ಪಕ್ಕದ ಜಾಗ ನೋಡಿ ಕೂತೆ.